ಅವ್ವನ ಗುಳಿಗಿ ಡಬ್ಬಿ

2024ರ ಯುಗಾದಿಗೆ ಅವ್ವ ಹೂರಣಕ್ಕೆ ಬೆಲ್ಲ ಹಾಕುವುದನ್ನೇ ಮರೆತಳು. ಹೋಳಿಗೆ ಬಾಯಿಗಿಟ್ಟರೆ ಬರೀ ಬೇಳೆ. ನನ್ನ ಮಗ ನಕ್ಕ, ನಾನೂ ನಕ್ಕೆ. ಅವ್ವ ನಗಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ನೋಡಿದಳು. ಕುಟ್ಟಿಟ್ಟ ಬೆಲ್ಲ ಪರಾತದಲ್ಲಿ ಹಾಗೇ ಇತ್ತು. "ನಾ ಹಾಕೇನಲ್ಲವಾ?" ಎಂದು ನನ್ನನ್ನೇ ಕೇಳಿದಳು.

ಅವ್ವನಿಗೆ ಆಗ 72. ಬೆಟಗೇರಿಯ ಹಳೇ ಮನೆಯಲ್ಲಿ ಒಬ್ಬಳೇ ಇದ್ದಳು. ನಾನು ಹುಬ್ಬಳ್ಳಿಯಲ್ಲಿ, ತಮ್ಮ ಪುಣೆಯಲ್ಲಿ. ಅಪ್ಪ ಗದಗಿನ ಪ್ರಿಂಟಿಂಗ್ ಪ್ರೆಸ್ಸೊಂದರಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸದಲ್ಲಿದ್ದರು, 2018ರಲ್ಲಿ ತೀರಿಕೊಂಡರು. ಅಪ್ಪ ದಿನವಿಡೀ ಅಕ್ಷರದ ನಡುವೆ ಇದ್ದವರು, ಅವ್ವ ಮಾತ್ರ ಏನನ್ನೂ ಬರೆದಿಟ್ಟವಳಲ್ಲ. ಯಾರ ಮಗಳ ಕುಬಸಕ್ಕೆ ನಾವು ಎಷ್ಟು ಮುಯ್ಯಿ ಮಾಡಿದ್ದೆವು, ಅವರು ತಿರುಗಿ ಎಷ್ಟು ಮಾಡಿದರು, ಹಾಲಿನವನ ಬಾಕಿ ಎಷ್ಟು, ಎಲ್ಲ ತಲೆಯಲ್ಲೇ. ಓಣಿಯವರು ತಮ್ಮ ಲೆಕ್ಕವನ್ನೂ ಅವ್ವನ ಹತ್ತಿರ ಬಂದು ಕೇಳುತ್ತಿದ್ದರು.

ಯುಗಾದಿ ಆದಮೇಲೆ ನಾನು ಗಮನಿಸಲು ಶುರು ಮಾಡಿದೆ. ಫೋನಿನಲ್ಲಿ ಹತ್ತು ನಿಮಿಷದೊಳಗೆ ಮೂರು ಸಲ "ಊಟಾ ಆತೇನವ್ವಾ" ಎನ್ನುತ್ತಿದ್ದಳು. ಹಾಲು ಉಕ್ಕಿ ಒಲೆ ಆರಿದ್ದು ಗೊತ್ತಾಗುತ್ತಿರಲಿಲ್ಲ. ಜೂನ್‌ನಲ್ಲಿ ಕಾಯಿಪಲ್ಯ ತರಲು ಹೋದವಳು ಮನೆಯ ದಾರಿ ತಿಳಿಯದೆ ಒಂದು ಬಳೆ ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟಿದ್ದಳು. ನಲವತ್ತು ವರ್ಷ ಓಡಾಡಿದ ದಾರಿ ಅದು. ಅಂಗಡಿಯವರೇ ನನಗೆ ಫೋನ್ ಮಾಡಿದರು.

ದೊಡ್ಡವ್ವನ ಪ್ರಕಾರ ಇದರಲ್ಲಿ ವಿಶೇಷವೇನೂ ಇಲ್ಲ. "ಅರವತ್ತಕ್ಕ ಅರಳು ಮರಳು ಅಂತಾರ. ಆಕಿಗೆ ಎಪ್ಪತ್ತೆರಡು. ಹನ್ನೆರಡು ವರ್ಷ ತಡಾನ ಆತು ಬಿಡು" ಎಂದಳು. ನಾನೂ ಅರ್ಧ ಹಾಗೇ ಅಂದುಕೊಂಡೆ. ಇನ್ನರ್ಧ ಮನಸ್ಸಿನಲ್ಲಿ ಡಿಮೆನ್ಷಿಯಾ, ಅಂದರೆ ಮರೆವಿನ ರೋಗ, ಎಂಬ ಪದ ಓಡುತ್ತಿತ್ತು. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ ಏಳಕ್ಕಿಂತ ಸ್ವಲ್ಪ ಜಾಸ್ತಿ ಮಂದಿಗೆ ಅದು ಇದೆ ಎಂದು ಎಲ್ಲೋ ಓದಿದ್ದೆ. ಆ ಏಳರಲ್ಲಿ ನಮ್ಮವ್ವನೂ ಒಬ್ಬಳೇ ಎಂದು ರಾತ್ರಿಯೆಲ್ಲ ಲೆಕ್ಕ ಹಾಕುತ್ತಿದ್ದೆ.

ಅಷ್ಟರಲ್ಲಿ ತಮ್ಮ ಪುಣೆಯಿಂದ ವಾಟ್ಸ್ಆ್ಯಪ್‌ನಲ್ಲಿ ಒಂದು ಸಂದೇಶ ಕಳಿಸಿದ. ನಿದ್ದೆ ಗುಳಿಗೆ ನುಂಗುವವರ ಮಿದುಳು ಸಾಯುತ್ತದೆ, ಇವತ್ತೇ ನಿಲ್ಲಿಸಿ ಅಂತ. ಕೆಳಗೆ ಕೆಂಪು ಅಕ್ಷರದಲ್ಲಿ ಏಳೆಂಟು ಔಷಧಗಳ ಹೆಸರು. ಅದರಲ್ಲಿ ಆಲ್ಪ್ರಜೋಲಾಮ್ ಇತ್ತು. ಅಪ್ಪ ಹೋದಾಗಿನಿಂದ ಅವ್ವ ರಾತ್ರಿ ತೊಗೊಳ್ಳುತ್ತಿದ್ದ ಗುಳಿಗೆ ಅದೇ. "ಅಕ್ಕಾ, ಮೊದಲ ಇದನ್ನ ಬಂದ್ ಮಾಡಸು" ಎಂದು ಫೋನಿನಲ್ಲೂ ಹೇಳಿದ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಗೊತ್ತಿಲ್ಲದ ಲಿಂಕ್ ಒತ್ತಬೇಡಿ ಎಂದು ದಿನಾ ಗಿರಾಕಿಗಳಿಗೆ ಬುದ್ಧಿ ಹೇಳುತ್ತೇನೆ. ಆದರೆ ಅವತ್ತು ಶನಿವಾರ ಮಧ್ಯಾಹ್ನ ಗದಗಿಗೆ ಹೋಗಿ, ಅವ್ವನ ಕೈಯಿಂದ ಆ ಸ್ಟ್ರಿಪ್ ಕಿತ್ತುಕೊಂಡು, ಬಚ್ಚಲಿಗೆ ಎಸೆದು ಬಂದೆ. ಬಹಳ ದೊಡ್ಡ ಕೆಲಸ ಮಾಡಿದೆ ಎನ್ನುವ ಹೆಮ್ಮೆ ಬೇರೆ.

ಸೋಮವಾರ ರಾತ್ರಿ ಪಕ್ಕದ ಮನೆಯವರ ಫೋನ್ ಬಂತು. ಅವ್ವ ಎರಡು ರಾತ್ರಿಯಿಂದ ಕಣ್ಣು ಮುಚ್ಚಿರಲಿಲ್ಲ. ಕೈ ಗಡಗಡ ನಡುಗುತ್ತಿತ್ತು, ಮೈಯೆಲ್ಲ ಬೆವರು. ಬಾಗಿಲ ಹತ್ತಿರ ಅಪ್ಪ ನಿಂತಿದ್ದಾರೆ, ಒಳಗೆ ಕರೀರಿ ಎಂದು ಕೂಗುತ್ತಿದ್ದಳಂತೆ. ನಾನು ಗದಗ ಮುಟ್ಟುವ ಹೊತ್ತಿಗೆ ಅವರೇ ಆಸ್ಪತ್ರೆಗೆ ಸೇರಿಸಿದ್ದರು. ದಾರಿಯುದ್ದಕ್ಕೂ, ಅಣ್ಣಿಗೇರಿ ದಾಟುವವರೆಗೂ, ಮುಗೀತು, ಅವ್ವನ ತಲೆ ಪೂರ್ತಿ ಕೆಟ್ಟಿತು ಎಂದೇ ಅಳುತ್ತಿದ್ದೆ.

ರಾತ್ರಿ ಪಾಳಿಯ ಡಾಕ್ಟರು ಹುಡುಗ. ನನ್ನ ಮಗನಿಗಿಂತ ಏಳೆಂಟು ವರ್ಷ ದೊಡ್ಡವನಿರಬಹುದು. ಯಾವ ಗುಳಿಗೆ ನಡೆದಿತ್ತು, ಯಾವಾಗ ನಿಂತಿತು ಎಂದು ಕೇಳಿದ. ನಾನು ಹೇಳಿದೆ. ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದ.

"ಆರು ವರ್ಷದ ಗುಳಿಗಿ ಒಂದ ದಿನಕ್ಕ ನಿಲ್ಲಿಸಿದ್ರೇನ್ರಿ ಮೇಡಂ? ಫಿಟ್ಸ್ ಬಂದಿದ್ರ ಏನ ಮಾಡ್ತಿದ್ರಿ?"

ಬೈದದ್ದು ಅಷ್ಟೇ. ಅಷ್ಟೇ ಸಾಕಾಗಿತ್ತು. ಈ ಜಾತಿಯ ನಿದ್ದೆ ಗುಳಿಗೆಗೆ ಮಿದುಳು ಒಗ್ಗಿಕೊಂಡಿರುತ್ತದಂತೆ. ಒಮ್ಮೆಲೇ ಎಳೆದರೆ ನಡುಕ, ಬೆವರು, ಭ್ರಮೆ, ಕೆಲವರಿಗೆ ಮೂರ್ಛೆ ಸಹ. ನಾನು ಕಂಡದ್ದು ಮರೆವಿನ ರೋಗ ಅಲ್ಲ, ನಾನೇ ತಂದಿಟ್ಟ ಸಂಕಟ. ಅದೇ ಗುಳಿಗೆ ಮತ್ತೆ ಶುರು ಮಾಡಿದರು. ಮರುದಿನ ಬೆಳಗ್ಗೆ ಅವ್ವ ಎದ್ದು ಕೂತು, "ನಾ ಯಾಕ ಇಲ್ಲಿ ಬಂದೇನಿ?" ಎಂದು ಕೇಳಿದಳು.

ಡಿಸ್ಚಾರ್ಜ್ ಚೀಟಿಯ ಕೆಳಗೆ ಆ ಹುಡುಗ ಡಾಕ್ಟರ್ ಒಂದು ಸಾಲು ಬರೆದಿದ್ದ. ಮನೆಯಲ್ಲಿರುವ ಎಲ್ಲಾ ಔಷಧ ಒಂದೇ ಚೀಲದಲ್ಲಿ ಹಾಕಿಕೊಂಡು ಒಬ್ಬರೇ ಡಾಕ್ಟರ ಹತ್ತಿರ ತೋರಿಸಿ ಅಂತ. ಎಲ್ಲಾ ಎನ್ನುವ ಪದದ ಕೆಳಗೆ ಗೆರೆ ಎಳೆದಿದ್ದ.

ಅವ್ವನ ಔಷಧ ಇರುತ್ತಿದ್ದದ್ದು ಒಂದು ಹಳೇ ಧಾರವಾಡ ಪೇಢೆಯ ಡಬ್ಬಿಯಲ್ಲಿ. ನಾನು ಬರೀ ಅದು ಅಂದುಕೊಂಡಿದ್ದೆ. ಹುಡುಕಿದರೆ ದೇವರ ಜಗಲಿಯ ಕೆಳಗೆ ಒಂದಿಷ್ಟು, ದಿಂಬಿನ ಕೆಳಗೆ ಒಂದು ಸ್ಟ್ರಿಪ್, ಎಲೆ ಅಡಿಕೆ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಪಕ್ಕ ಎರಡು ಬಿಡಿ ಗುಳಿಗೆ. ಬಿಪಿಗೆ ಟೆಲ್ಮಿಸಾರ್ಟನ್. ಶುಗರ್‌ಗೆ ಮೆಟ್‌ಫಾರ್ಮಿನ್, ಹನ್ನೆರಡು ವರ್ಷದಿಂದ. ಗ್ಯಾಸ್ ಅಂತ ಪ್ಯಾಂಟೊಪ್ರಜೋಲ್, ಯಾವಾಗ ಶುರುವಾಯಿತೋ ಅವ್ವನಿಗೂ ಗೊತ್ತಿಲ್ಲ. ಕಾಲುರಿಗೆ ಒಬ್ಬರು ಬರೆದ ಅಮಿಟ್ರಿಪ್ಟಿಲಿನ್. ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ ಅಂತ ಇನ್ನೊಬ್ಬರು ಬರೆದ ಸೊಲಿಫೆನಾಸಿನ್. ರಾತ್ರಿಗೆ ಆಲ್ಪ್ರಜೋಲಾಮ್. ಅದರ ಜೊತೆಗೆ ನೆಗಡಿ ಗುಳಿಗೆಯ ಆರು ಸ್ಟ್ರಿಪ್. ಅವ್ವನಿಗೆ ಬೆಳಗ್ಗೆ ಎದ್ದ ಕೂಡಲೇ ಸೀನು. ಆ ನೆಗಡಿ ಗುಳಿಗೆ ತಂದುಕೊಡುತ್ತಿದ್ದವಳು ನಾನೇ, ಹುಬ್ಬಳ್ಳಿಯಿಂದ, ಪ್ರತಿ ತಿಂಗಳು, ಯಾವ ಚೀಟಿಯೂ ಇಲ್ಲದೆ.

ಹಳೇ ಚೀಟಿಗಳೂ ಸಿಕ್ಕವು. 2018ರ ಚೀಟಿಯಲ್ಲಿ ನಿದ್ದೆ ಗುಳಿಗೆಯ ಮುಂದೆ ಸ್ಪಷ್ಟವಾಗಿ ಹತ್ತು ದಿನ ಎಂದು ಬರೆದಿತ್ತು. ಹತ್ತು ದಿನ! ಅಪ್ಪನ ದಿನಕರ್ಮ ಮುಗಿಯುವವರೆಗೆ ಅವ್ವ ನಾಲ್ಕು ತಾಸು ಮಲಗಲಿ ಅಂತ ಬರೆದ ಗುಳಿಗೆ ಆರು ವರ್ಷ ನಡೆದಿತ್ತು. ಆ ಸ್ಟ್ರಿಪ್ಪಿನ ಎಡಕ್ಕೆ ಕೆಂಪು ಗೆರೆ ಇರುತ್ತದೆ. ಎಚ್1 ಎಂಬ ಪಟ್ಟಿಗೆ ಸೇರಿದ ಔಷಧ ಅದು. 2014ರಿಂದ ಇಂಥವನ್ನು ಚೀಟಿ ನೋಡಿಯೇ ಕೊಡಬೇಕು, ರೋಗಿಯ ಹೆಸರು ಮತ್ತು ಡಾಕ್ಟರ ಹೆಸರನ್ನು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ನಮ್ಮ ಔಷಧದ ಅಂಗಡಿಯವರು ಅಪ್ಪನ ಕಾಲದ ಪರಿಚಯ. "ಅಮ್ಮಾರ ರಾತ್ರಿ ಗುಳಿಗಿ" ಎಂದರೆ ಸಾಕಿತ್ತು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಚೀಟಿ ಕೇಳಿದ್ದರೆ ಮೊದಲು ಜಗಳ ತೆಗೆಯುತ್ತಿದ್ದವಳು ನಾನೇ ಅಲ್ವಾ?

ಯಾವ ಡಾಕ್ಟರೂ ತಪ್ಪು ಮಾಡಿರಲಿಲ್ಲ, ಅದೇ ವಿಚಿತ್ರ. ಕಾಲು ನೋಡಿದವರು ಕಾಲಿಗೆ ಬರೆದರು. ಮೂತ್ರದ ತೊಂದರೆ ಕೇಳಿದವರು ಅದಕ್ಕೆ ಬರೆದರು. ಡಬ್ಬಿಯ ಮುಚ್ಚಳ ತೆಗೆದು ಒಳಗೆ ಇಣುಕಿದವರು ಯಾರೂ ಇರಲಿಲ್ಲ.

ಹುಬ್ಬಳ್ಳಿಯಲ್ಲಿ ವಯಸ್ಸಾದವರನ್ನೇ ಹೆಚ್ಚು ನೋಡುವ ಒಬ್ಬ ಫಿಜಿಶಿಯನ್ ಹತ್ತಿರ ಆಗಸ್ಟ್ 1ಕ್ಕೆ ಸರದಿ ಸಿಕ್ಕಿತು. ಅದಕ್ಕೂ ಮುಂಚೆ ಯಾರೋ ಧಾರವಾಡದ ಡಿಮ್ಹಾನ್ಸ್‌ಗೆ, ಅಂದರೆ ಮನಸ್ಸಿನ, ನರದ ರೋಗಗಳ ಸರ್ಕಾರಿ ಆಸ್ಪತ್ರೆಗೆ, ಕರೆದುಕೊಂಡು ಹೋಗಿ ಎಂದಿದ್ದರು. ದೊಡ್ಡವ್ವ "ಅಲ್ಲಿ ಹ್ವಾದ್ರ ಮಂದಿ ಏನಂತಾರ" ಎಂದು ಬಾಯಿಗೆ ಸೆರಗು ಹಿಡಿದಳು. ನಮ್ಮ ಕಡೆ ಇನ್ನೂ ಹೀಗೇ. ತಲೆಗೆ ಸಂಬಂಧಪಟ್ಟ ಯಾವ ಆಸ್ಪತ್ರೆಯಾದರೂ ಜನರ ಬಾಯಲ್ಲಿ ಹುಚ್ಚಾಸ್ಪತ್ರೆಯೇ.

ಡಾಕ್ಟರು ಮೊದಲು ಅವ್ವನ ಜೊತೆ ಮಾತಾಡಿದರು, ನನ್ನ ಜೊತೆ ಅಲ್ಲ. ಇವತ್ತು ಯಾವ ತಾರೀಖು ಎಂದು ಕೇಳಿದರು. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ತಾರೀಖು ಗೊತ್ತಿಲ್ರಿ. ನಾಗರ ಅಮಾಸಿಗೆ ಮೂರು ದಿನ ಐತಿ" ಎಂದಳು. ಡಾಕ್ಟರು ಗೋಡೆಯ ಕ್ಯಾಲೆಂಡರ್ ನೋಡಿದರು. ಅಮಾವಾಸ್ಯೆ ನಾಲ್ಕಕ್ಕೇ ಇತ್ತು. ನಕ್ಕು ಒಂದು ಅಂಕ ಕೊಟ್ಟರು. ಮೂರು ಪದ ಹೇಳಿ, ನೆನಪಿಟ್ಟುಕೊಳ್ಳಿ ಎಂದರು. ನೂರರಲ್ಲಿ ಏಳು ಕಳೆಯುತ್ತ ಹೋಗಿ ಎಂದರು. ಅವ್ವ 93 ಎಂದಳು, 86 ಎಂದಳು, ಅಲ್ಲಿಗೆ ನಿಂತಳು. ಓಣಿಯ ಮುಯ್ಯಿ ಲೆಕ್ಕ ಹಿಡಿದಿದ್ದ ತಲೆ ಅದು. ಮೂರು ಪದಗಳಲ್ಲಿ ಒಂದೇ ನೆನಪಿತ್ತು. ಒಟ್ಟು 30ಕ್ಕೆ 21.

ಆಮೇಲೆ ಅವರು ಕೇಳಿದ ಪ್ರಶ್ನೆ ನನಗೆ ಸಂಬಂಧವೇ ಇಲ್ಲದ್ದು ಅನಿಸಿತು.

"ಅಮ್ಮಾರ, ರೊಟ್ಟಿ ತಿನ್ನೂವಾಗ ಬಾಯಿ ಒಣಗತೈತೇನ್ರಿ?"

"ಅಯ್ಯ, ಹೌದ್ರಿ! ನೀರು ಕುಡೀಲಾರದ ಗಂಟಲದಾಗ ಇಳಿಯೂದಿಲ್ಲ. ನಾಲಿಗಿ ಅಂಟ್ಕೋತೈತಿ."

"ಮಲಬದ್ಧತಿ?"

ಅವ್ವ ನನ್ನ ಕಡೆ ನೋಡಿ ನಾಚಿದಳು. ವಾರಕ್ಕೆ ಎರಡು ಸಲ ಅಂದಳು. ಅಕ್ಷರ ಮಸುಕಾಗಿ ಕಾಣುವುದೂ ಹೌದು.

ಆಗ ಚೀಲವನ್ನು ಟೇಬಲ್ ಮೇಲೆ ಸುರಿಯಲು ಹೇಳಿದರು. ಒಂದೊಂದೇ ಎತ್ತಿ ಎರಡು ಗುಂಪು ಮಾಡಿದರು. ಒಂದು ಗುಂಪಿನಲ್ಲಿ ಕಾಲುರಿ ಗುಳಿಗೆ, ಮೂತ್ರದ ಗುಳಿಗೆ, ನೆಗಡಿ ಗುಳಿಗೆ, ನಿದ್ದೆ ಗುಳಿಗೆ. ಚೀಟಿಯ ಹಿಂದೆ ಬರೆದರು: 3, 3, 3, 1. ಕೂಡಿಸಿ 10 ಎಂದು ಸುತ್ತ ಗೆರೆ ಎಳೆದರು.

ನಮ್ಮ ನರಗಳ ನಡುವೆ ಸುದ್ದಿ ಒಯ್ಯುವ ವಸ್ತುಗಳಲ್ಲಿ ಒಂದರ ಹೆಸರು ಅಸಿಟೈಲ್‌ಕೋಲಿನ್. ಬಾಯಲ್ಲಿ ಜೊಲ್ಲು ಬರಿಸುವುದು ಅದೇ, ಕರುಳು ಕದಲಿಸುವುದು ಅದೇ, ಮೂತ್ರಚೀಲ ಬಿಗಿಯುವಂತೆ ಮಾಡುವುದೂ ಅದೇ. ಮಿದುಳಿನಲ್ಲಿ ಹೊಸದನ್ನು ಕಲಿಯಲು, ನೆನಪಿಡಲು ಅದು ಬೇಕು. ಮೂತ್ರದ ಗುಳಿಗೆ ಮಾಡುವುದೇನೆಂದರೆ ಈ ಸುದ್ದಿಯನ್ನು ತಡೆಯುವುದು. ಚೀಲ ಸುಮ್ಮನಾಗುತ್ತದೆ, ಸರಿ. ಆದರೆ ಆ ಗುಳಿಗೆಗೆ ಇದು ಚೀಲ, ಇದು ಬಾಯಿ, ಇದು ತಲೆ ಎಂದು ಗೊತ್ತಾಗುವುದಿಲ್ಲ. ಕಾಲುರಿಯ ಅಮಿಟ್ರಿಪ್ಟಿಲಿನ್, ನೆಗಡಿ ಗುಳಿಗೆಯೊಳಗಿನ ಕ್ಲೋರ್‌ಫೆನಿರಮೈನ್, ಅವೂ ಇದೇ ಕೆಲಸ ಮಾಡುತ್ತವೆ. ಬೇರೆ ಬೇರೆ ರೋಗಕ್ಕೆ ಬರೆದ ಮೂರು ಔಷಧ, ಒಳಗೆ ಹೋಗಿ ಮಾಡುತ್ತಿದ್ದದ್ದು ಒಂದೇ ಕೆಲಸ. ಇಂಥ ಔಷಧಗಳಿಗೆ 1ರಿಂದ 3ರವರೆಗೆ ಅಂಕ ಕೊಡುವ ಒಂದು ಪಟ್ಟಿ ಇದೆಯಂತೆ. ಮೊತ್ತ 3 ಮುಟ್ಟಿದರೇ ವಯಸ್ಸಾದವರಲ್ಲಿ ಕಣ್ಣಿಡಬೇಕು. ಅವ್ವನದು 10.

"ಹಂಗಾರ ನೆನಪಿನ ಗುಳಿಗಿ ಏನರ ಕೊಡ್ತೀರೇನ್ರಿ?" ಎಂದೆ. ನಮ್ಮ ಸಂಬಂಧಿಕರೊಬ್ಬರಿಗೆ ಡೊನೆಪೆಜಿಲ್ ನಡೆದಿತ್ತು, ಅದು ಗೊತ್ತಿತ್ತು.

"ಅದು ಇದ ಅಸಿಟೈಲ್‌ಕೋಲಿನ್ ಹೆಚ್ಚು ಮಾಡೂ ಗುಳಿಗೀರಿ. ಇವು ಅದನ್ನ ತಡೆಯೂವು. ಎರಡೂ ಕೂಡೇ ಕೊಟ್ಟರ ಎತ್ತು ಏರಿಗೆಳೀತು, ಕ್ವಾಣ ನೀರಿಗೆಳೀತು ಅನ್ನೂವಂಗ ಆಕ್ಕೈತಿ. ಮೊದಲ ಕ್ವಾಣ ಬಿಚ್ಚೋಣು."

ನಾನು ತಮ್ಮನ ವಾಟ್ಸ್ಆ್ಯಪ್ ಸಂದೇಶ ತೋರಿಸಿದೆ. ಅವರು ಪೂರ್ತಿ ಓದಿದರು, ಅದು ನನಗೆ ಇಷ್ಟವಾಯಿತು. ಇದು ಗಾಳಿಸುದ್ದಿ ಎಂದೂ ಹೇಳಲಿಲ್ಲ, ನಿಜ ಎಂದೂ ಹೇಳಲಿಲ್ಲ.

ಬ್ರಿಟನ್ನಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು 2019ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟಿಸಿದರು. ಡಿಮೆನ್ಷಿಯಾ ಬಂದ ಸುಮಾರು 58 ಸಾವಿರ ಜನ, ಬರದ ಸುಮಾರು 2.25 ಲಕ್ಷ ಜನ, ಇವರೆಲ್ಲರ ಹಳೇ ಔಷಧದ ದಾಖಲೆ ತೆಗೆದು ನೋಡಿದರು. ಅಸಿಟೈಲ್‌ಕೋಲಿನ್ ತಡೆಯುವ ಗುಳಿಗೆಗಳಲ್ಲಿ ಜೋರಾದದ್ದನ್ನು ದಿನಾ, ಮೂರು ವರ್ಷಕ್ಕೂ ಹೆಚ್ಚು ನುಂಗಿದಷ್ಟು ಪ್ರಮಾಣ ಆದವರಲ್ಲಿ ಡಿಮೆನ್ಷಿಯಾದ ಸಾಧ್ಯತೆ ಸುಮಾರು ಶೇ. 49ರಷ್ಟು ಜಾಸ್ತಿ ಕಂಡಿತು. ಮೂತ್ರದ ಗುಳಿಗೆ, ಖಿನ್ನತೆಯ ಕೆಲವು ಗುಳಿಗೆಗಳಲ್ಲಿ ಈ ನಂಟು ಕಂಡಿತು. ನೆಗಡಿ, ಅಲರ್ಜಿಯ ಗುಳಿಗೆಗಳಲ್ಲಿ ಕಾಣಲಿಲ್ಲ. ಅದಕ್ಕೂ ಮುಂಚೆ 2015ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ 65 ದಾಟಿದ 3,434 ಜನರನ್ನು ಸರಾಸರಿ ಏಳು ವರ್ಷ ಹಿಂಬಾಲಿಸಿದ ಅಧ್ಯಯನದಲ್ಲೂ ಹೆಚ್ಚು ಕಡಿಮೆ ಇಂಥದ್ದೇ ಉತ್ತರ ಬಂದಿತ್ತು.

ಶೇ. 49 ಎಂದ ಕೂಡಲೇ ನನಗೆ ಕಂಡದ್ದು ಅರ್ಧ ಊರು. ಡಾಕ್ಟರು ಲೆಕ್ಕ ಬಿಡಿಸಿದರು. ನೂರು ಜನರಲ್ಲಿ ಹತ್ತು ಮಂದಿಗೆ ಬರುವುದಿತ್ತು ಎಂದುಕೊಳ್ಳಿ, ಅದು ಹದಿನೈದರ ಹತ್ತಿರ ಆಗಬಹುದು, ಅಷ್ಟೇ. ಅದೂ ಗುಳಿಗೆಯಿಂದಲೇ ಎಂದಾದರೆ. ಅಲ್ಲೇ ಗಂಟು ಇರುವುದು. ಡಿಮೆನ್ಷಿಯಾ ಒಂದು ದಿನ ಬೆಳಗ್ಗೆ ಬಾಗಿಲು ತಟ್ಟಿ ಬರುವುದಿಲ್ಲ. ಹೆಸರಿಡುವ ಎಷ್ಟೋ ವರ್ಷ ಮೊದಲೇ ನಿದ್ದೆ ಕೆಡುತ್ತದೆ, ಮನಸ್ಸು ಕುಗ್ಗುತ್ತದೆ, ಮೂತ್ರದ ಹಿಡಿತ ತಪ್ಪುತ್ತದೆ. ಅವಕ್ಕೇ ಗುಳಿಗೆ ಶುರುವಾಗುತ್ತದೆ. ಆಮೇಲೆ ರೋಗ ಎದ್ದು ಕಂಡಾಗ ಗುಳಿಗೆಯ ಮೇಲೆ ಗೂಬೆ ಕೂರಿಸುತ್ತೇವೆ. "ಕಾಗಿ ಕೂಡೂದಕ್ಕೂ ಟೊಂಗಿ ಮುರಿಯೂದಕ್ಕೂ ಸರಿ ಆಗಿರಬಹುದಲ್ರಿ" ಎಂದರು.

ನಿದ್ದೆ ಗುಳಿಗೆಯ ಕತೆ ಇನ್ನೂ ಗೋಜಲು. 2014ರಲ್ಲಿ ಕೆನಡಾದ ಕ್ವಿಬೆಕ್‌ನ ದಾಖಲೆ ನೋಡಿದವರಿಗೆ ಡಿಮೆನ್ಷಿಯಾದ ಒಂದು ಬಗೆಯಾದ ಆಲ್ಝೈಮರ್ ಜೊತೆ ನಂಟು ಕಂಡಿತು. 2016ರಲ್ಲಿ ಅದೇ ಸಿಯಾಟಲ್‌ನವರು ನೋಡಿದಾಗ, ಅತಿ ಹೆಚ್ಚು ನುಂಗಿದವರಲ್ಲೂ ಅಪಾಯ ಹೆಚ್ಚಾದದ್ದು ಕಾಣಲಿಲ್ಲ. ಗ್ಯಾಸ್ ಗುಳಿಗೆಯ ಬಗ್ಗೆಯೂ ಹೀಗೇ. 2016ರಲ್ಲಿ ಜರ್ಮನಿಯಿಂದ ಹೌದು ಎಂದಿತು ಒಂದು ಅಧ್ಯಯನ, ಆಮೇಲೆ ಬಂದ ಕೆಲವು ಇಲ್ಲ ಎಂದವು.

"ಹಂಗಾರ ಯಾಕ ಬಿಡಬೇಕ್ರಿ?" ಎಂದು ಕೇಳಿದ್ದು ನಾನಲ್ಲ, ಅವ್ವ. ಇಷ್ಟು ಹೊತ್ತು ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ.

ಅದಕ್ಕೆ ಡಾಕ್ಟರು ಕೊಟ್ಟ ಉತ್ತರ ನನ್ನ ತಲೆಯಲ್ಲಿ ಕೂತಿತು. ಹತ್ತು ವರ್ಷದ ಮೇಲೆ ಏನಾಗುತ್ತದೆ ಎನ್ನುವುದು ವಾದದ ಮಾತು. ಇವತ್ತು ಏನಾಗುತ್ತಿದೆ ಎನ್ನುವುದರಲ್ಲಿ ವಾದ ಇಲ್ಲ. ಇಂಥ ಔಷಧ ವಯಸ್ಸಾದವರಲ್ಲಿ ಮಂಕು ಕವಿಸುತ್ತವೆ, ದಿಕ್ಕು ತಪ್ಪಿಸುತ್ತವೆ, ನಿದ್ದೆ ಗುಳಿಗೆ ನಡುರಾತ್ರಿ ಬಚ್ಚಲಿಗೆ ಹೋಗುವಾಗ ಬೀಳಿಸಿ ಸೊಂಟ ಮುರಿಸುತ್ತದೆ. ಈ ಮಂಕು ಡಿಮೆನ್ಷಿಯಾ ಅಲ್ಲ, ಆದರೆ ನೋಡಿದರೆ ಹಾಗೇ ಕಾಣುತ್ತದೆ. ಮಂಜು ಸರಿದ ಮೇಲೆ ಮಾತ್ರ ಹಿಂದೆ ಗುಡ್ಡ ಇದೆಯೋ ಇಲ್ಲವೋ ಗೊತ್ತಾಗುವುದು. 65 ದಾಟಿದವರಿಗೆ ಕೊಡುವ ಮೊದಲು ಎರಡು ಸಲ ಯೋಚಿಸಬೇಕಾದ ಔಷಧಗಳ ಒಂದು ಪಟ್ಟಿ ಇದೆ. ಬೀಯರ್ಸ್ ಪಟ್ಟಿ ಎನ್ನುತ್ತಾರೆ, ಅದನ್ನು ಮೊದಲು ಮಾಡಿದ ಅಮೆರಿಕದ ವೈದ್ಯರ ಹೆಸರಿನಿಂದ. 1991ರಿಂದ ಇದೆ, 2023ರಲ್ಲೂ ಪರಿಷ್ಕರಿಸಿದ್ದಾರೆ. ಅವ್ವನ ಡಬ್ಬಿಯ ಆ ಗುಂಪು ಹೆಚ್ಚು ಕಡಿಮೆ ಅದರಿಂದಲೇ ಎದ್ದು ಬಂದಂತಿತ್ತು.

ಇನ್ನೊಂದು ಗುಂಪನ್ನು ಮುಟ್ಟಲೇ ಇಲ್ಲ. ಬಿಪಿ ಗುಳಿಗೆಯ ಸ್ಟ್ರಿಪ್ ಎತ್ತಿ ನನ್ನ ಕೈಗಿಟ್ಟು, ಇದನ್ನು ಯಾರು ಬಿಡಿಸಿದರೂ ಬಿಡಬೇಡಿ ಎಂದರು. ಬಿಪಿ ಹಿಡಿತದಲ್ಲಿದ್ದರೆ ಮಿದುಳಿಗೂ ಅದು ಕಾವಲು.

ರಕ್ತ ಪರೀಕ್ಷೆ, ಸಿಟಿ ಸ್ಕ್ಯಾನ್ ಆಯಿತು. ಸ್ಕ್ಯಾನಿನಲ್ಲಿ ವಯಸ್ಸಿಗೆ ತಕ್ಕಷ್ಟೇ ಬದಲಾವಣೆ. ಥೈರಾಯ್ಡ್ ಸರಿ ಇತ್ತು. ಬಿ12 ವಿಟಮಿನ್ ಮಾತ್ರ 148, ಕಡಿಮೆ ಎಂದರೂ 200 ಇರಬೇಕಿತ್ತು. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೊಗೊಂಡರೆ ಬಿ12 ಇಳಿಯುತ್ತದೆ, ಗ್ಯಾಸ್ ಗುಳಿಗೆಯೂ ಇಳಿಸುತ್ತದೆ, ನಾವು ಶಾಕಾಹಾರಿಗಳು ಬೇರೆ. ಬಿ12 ಕಡಿಮೆಯಾದರೆ ಮರೆವು ಬರುತ್ತದೆ. ಕಾಲುರಿಯೂ ಬರುತ್ತದೆ! ಅಂದರೆ ಎರಡು ಗುಳಿಗೆ ಸೇರಿ ತಂದ ಕಾಲುರಿಗೆ ನಾವು ಮೂರನೆಯ ಗುಳಿಗೆ ಕೊಡುತ್ತಿದ್ದೆವೋ ಏನೋ. ಪಾದಕ್ಕೆ ಶುಗರ್‌ನ ಪಾಲೂ ಇರುತ್ತದೆ, ಅದನ್ನು ಅಲ್ಲಗಳೆಯಲು ಆಗುವುದಿಲ್ಲ ಎಂದರು ಡಾಕ್ಟರು.

ಅವ್ವನನ್ನು ಉಣಕಲ್ಲಿನ ನಮ್ಮ ಮನೆಗೇ ಕರೆದುಕೊಂಡು ಬಂದೆ. ಎಲ್ಲ ಒಟ್ಟಿಗೆ ನಿಲ್ಲಿಸಲಿಲ್ಲ. ನೆಗಡಿ ಗುಳಿಗೆ ಮೊದಲ ದಿನವೇ ಹೋಯಿತು, ಅದರ ಬದಲು ಮೂಗಿಗೆ ಸ್ಪ್ರೇ. ಸೀನು ಪೂರ್ತಿ ನಿಲ್ಲಲಿಲ್ಲ, ನಾವು ಸೀನಿಗೆ ಹೊಂದಿಕೊಂಡೆವು. ಎರಡು ವಾರದ ಮೇಲೆ ಮೂತ್ರದ ಗುಳಿಗೆ. ಸಂಜೆ ಆರರ ಮೇಲೆ ಚಹಾ ಬಂದ್, ಬಂದರೂ ಬರದಿದ್ದರೂ ಎರಡು ತಾಸಿಗೊಮ್ಮೆ ಬಚ್ಚಲಿಗೆ. ಅವ್ವನಿಗೆ ಚಹಾ ಬಿಟ್ಟದ್ದೇ ಎಲ್ಲಕ್ಕಿಂತ ಕಷ್ಟವಾಯಿತು. ನಾನು ಆಫೀಸಿಗೆ ಹೋದ ಮೇಲೆ ಮೊಮ್ಮಗನ ಹತ್ತಿರ ಮಾಡಿಸಿಕೊಂಡು ಕುಡಿಯುತ್ತಿದ್ದಳು. ಕಾಲುರಿ ಗುಳಿಗೆಯನ್ನು ಬಿ12 ಇಂಜೆಕ್ಷನ್ ನಡೆದಂತೆ ನಿಧಾನಕ್ಕೆ ಇಳಿಸಿದರು.

ನಿದ್ದೆ ಗುಳಿಗೆ ಕೊನೆಗೆ. ಅರ್ಧ ಮಿಲಿಗ್ರಾಮಿನದನ್ನು ಮೂರು ವಾರಕ್ಕೊಮ್ಮೆ ಕಾಲು ಭಾಗದಷ್ಟು ಇಳಿಸುವುದು, ಒದ್ದಾಟ ಜಾಸ್ತಿಯಾದರೆ ಅಲ್ಲೇ ನಿಲ್ಲುವುದು, ಹಿಂದೆ ಹೋಗುವುದು ಬೇಡ. ಇದು ಅವ್ವನಿಗೆ ಹಾಕಿಕೊಟ್ಟ ಲೆಕ್ಕ. ನಿಮ್ಮ ಮನೆಯವರಿಗೆ ಬೇರೆಯೇ ಇರುತ್ತದೆ, ದಯವಿಟ್ಟು ನಾನು ಮಾಡಿದ ಶನಿವಾರದ ಕೆಲಸ ಮಾಡಬೇಡಿ. ಗುಳಿಗೆ ಕತ್ತರಿಸಲು ಅಂತ ಮೆಡಿಕಲ್‌ನಲ್ಲಿ ಸಣ್ಣ ಡಬ್ಬಿಯಂಥದ್ದು ತಂದೆ. ಅವ್ವ ಅದನ್ನು ಪಕ್ಕಕ್ಕೆ ಸರಿಸಿ ಅಡಕತ್ತರಿ ತೊಗೊಂಡಳು. ಐವತ್ತು ವರ್ಷ ಅಡಿಕೆ ಹೋಳು ಮಾಡಿದ ಕೈ. ನಾಲ್ಕು ಚೂರು ನಾಲ್ಕೂ ಸಮ. ಒಂದು ಪುಡಿ ಕೆಳಗೆ ಬೀಳಲಿಲ್ಲ.

ಸೆಪ್ಟೆಂಬರ್ ಕೆಟ್ಟ ತಿಂಗಳು. ರಾತ್ರಿ ಎರಡಕ್ಕೆ ಎದ್ದು ಕೂರುತ್ತಿದ್ದಳು. ಸಿಡುಕು. "ನನ್ನ ಗುಳಿಗಿ ಕಸಗೊಂಡು ನಿನಗೇನ ಸಿಗತೈತಿ?" ಎಂದು ನನ್ನ ಮೇಲೆ ಹರಿಹಾಯುತ್ತಿದ್ದಳು. ಒಂದು ದಿನ ಸಂಚಿ ಜಾಡಿಸಿದಾಗ ಮೂರು ಕಾಲು ಚೂರುಗಳು ಬಿದ್ದವು. ಕದ್ದು ಇಟ್ಟುಕೊಂಡಿದ್ದಳು, ನುಂಗಿರಲಿಲ್ಲ. "ಇರ್ಲಿ ಅಂತ ಇಟ್ಟೇನಿ. ಇದ್ರ ಧೈರ್ಯ" ಎಂದಳು. ಡಾಕ್ಟರಿಗೆ ಹೇಳಿದರೆ, ಇರಲಿ ಬಿಡಿ, ಇದ್ದರೆ ಧೈರ್ಯ ಅನ್ನುವುದೂ ಒಂದು ಔಷಧವೇ ಎಂದು ನಕ್ಕರು. ಮಧ್ಯಾಹ್ನದ ಎರಡು ತಾಸಿನ ನಿದ್ದೆ ಬಿಡಿಸಿ ಸಂಜೆ ಉಣಕಲ್ ಕೆರೆ ದಂಡೆಗೆ ಕರೆದುಕೊಂಡು ಹೋಗುತ್ತಿದ್ದೆ. ಅಲ್ಲಿ ಮಂಡಾಳು ಒಗ್ಗರಣೆ ತಿನ್ನುವಾಗ ಒಂದು ದಿನ ಗಮನಿಸಿದೆ, ಅವ್ವ ನೀರು ಕೇಳದೆ ತಿನ್ನುತ್ತಿದ್ದಾಳೆ. ಬಾಯಿ ಒಣಗುವುದು ನಿಂತಿತ್ತು. ನನ್ನ ಮಟ್ಟಿಗೆ ಮೊದಲ ಗುರುತು ಅದು.

ದೀಪಾವಳಿ ಹೊತ್ತಿಗೆ ಒಂದೇ ಪ್ರಶ್ನೆ ಮೂರು ಸಲ ಕೇಳುವುದು ಕಡಿಮೆಯಾಯಿತು. ಟಿವಿ ಜೋರಾಗಿ ಇಟ್ಟುಕೊಳ್ಳುವುದು ನೋಡಿ ಕಿವಿ ತೋರಿಸಿದೆವು. ಕಿವಿಯ ಗುಗ್ಗೆ ತೆಗೆದರು, ಒಂದು ಕಿವಿಗೆ ಮೆಷಿನ್ ಬೇಕು ಎಂದರು. ಕಿವಿ ಕೇಳದೆ ಹೋದರೂ ಮರೆವಿನಂತೆ ಕಾಣುತ್ತದಲ್ಲ, ಕೇಳಿಸದ ಮಾತು ನೆನಪಿರುವುದಾದರೂ ಹೇಗೆ? ಮೆಷಿನ್ ಮಾತ್ರ ಅವ್ವ ಇನ್ನೂ ಹಾಕಿಕೊಂಡಿಲ್ಲ. ಆ ಜಗಳ ಬೇರೆ.

ಸಂಕ್ರಾಂತಿಯ ಹೊತ್ತಿಗೆ ಕೊನೆಯ ಕಾಲು ಚೂರು. ಅದನ್ನು ದಿನ ಬಿಟ್ಟು ದಿನ ಮಾಡಿ, ಜನವರಿ ಕೊನೆಗೆ ಪೂರ್ತಿ ನಿಂತಿತು.

ಫೆಬ್ರುವರಿಯಲ್ಲಿ ಮತ್ತೆ ಅದೇ ಪರೀಕ್ಷೆ. 93, 86, 79, 72, 65. ಕೊನೆಗೆ "ಇನ್ನೂ ಹೇಳ್ಲೇನ್ರಿ?" ಎಂದು ಕೇಳಿದಳು. ಮೂರು ಪದಗಳಲ್ಲಿ ಎರಡು ನೆನಪಿತ್ತು. 30ಕ್ಕೆ 25. ನಾನು ಖುಷಿಯಿಂದ ತಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಡಾಕ್ಟರು ಅಷ್ಟು ಖುಷಿಪಡಲಿಲ್ಲ. ಮೂರನೆಯ ಪದ ಸುಳಿವು ಕೊಟ್ಟರೂ ಅವ್ವನಿಗೆ ನೆನಪಾಗಲಿಲ್ಲ, ಅದು ಅವರಿಗೆ ಸರಿ ಕಾಣಲಿಲ್ಲ. ಹಿಂದೆ ಸಣ್ಣ ಗುಡ್ಡ ಇರಬಹುದು, ಇಲ್ಲದಿರಬಹುದು, ಆರು ತಿಂಗಳಿಗೊಮ್ಮೆ ನೋಡುತ್ತ ಹೋಗೋಣ, ಬೇಕಾದರೆ ಡಿಮ್ಹಾನ್ಸ್‌ನಲ್ಲಿ ವಿವರವಾಗಿ ಪರೀಕ್ಷೆ ಮಾಡಿಸೋಣ ಎಂದರು. ಯಾವುದು ಕೆಲಸ ಮಾಡಿತು ಎಂದು ಕೇಳಿದೆ. ಗುಳಿಗೆ ಬಿಟ್ಟದ್ದೋ, ಬಿ12ವೋ, ಕಿವಿಯೋ, ಒಂಟಿ ಮನೆ ಬಿಟ್ಟು ಮೊಮ್ಮಗನ ಜೊತೆ ಇದ್ದದ್ದೋ? ಬೇರೆ ಬೇರೆ ಮಾಡಿ ಹೇಳಲಾರೆ ಎಂದರು. ಹೇಳಿಬಿಟ್ಟಿದ್ದರೆ ನನಗೆ ಅವರ ಮೇಲೆ ನಂಬಿಕೆ ಕಡಿಮೆಯಾಗುತ್ತಿತ್ತೇನೋ.

ಪೇಢೆ ಡಬ್ಬಿ ಈಗಲೂ ಇದೆ. ಮುಚ್ಚಳದ ಒಳಗೆ ಒಂದು ಕಾಗದ ಅಂಟಿಸಿದ್ದೇನೆ. ಯಾವ ಗುಳಿಗೆ, ಯಾತಕ್ಕೆ, ಯಾವಾಗ ಶುರು, ಯಾವಾಗ ನಿಲ್ಲಿಸಬೇಕೋ ಕೇಳಬೇಕು. ಕೊನೆಯ ಕಾಲಂ ಇನ್ನೂ ಅರ್ಧ ಖಾಲಿ. ಯಾವ ಡಾಕ್ಟರ ಹತ್ತಿರ ಹೋದರೂ ಡಬ್ಬಿ ಜೊತೆಗೇ ಹೋಗುತ್ತದೆ, ಕಣ್ಣಿನವರ ಹತ್ತಿರವೂ.

ಅವ್ವ ಮಾರ್ಚಿನಲ್ಲಿ ಹಟ ಮಾಡಿ ಬೆಟಗೇರಿಗೆ ವಾಪಸ್ ಹೋದಳು. ಹೋಗುವ ಹಿಂದಿನ ದಿನ ಬೆಳಗ್ಗೆ ರೊಟ್ಟಿ ಬಡಿಯುತ್ತ ಹೇಳಿದಳು.

"ಗುಳಿಗಿ ಬಿಟ್ಟಾಗಿಂದ ನಿಮ್ಮಪ್ಪಾರು ಕನಸಿನ್ಯಾಗ ಬರಾಕ ಹತ್ಯಾರವಾ. ಇಷ್ಟ ವರ್ಷ ಒಮ್ಮೆನೂ ಬಂದಿರಲಿಲ್ಲ."

"ಏನಂದ್ರವ್ವಾ?"

"ಏನೂ ಅನ್ಲಿಲ್ಲ. ಕಟ್ಟಿ ಮ್ಯಾಲ ಕುಂತು ಚಾ ಕುಡದು ಹ್ವಾದ್ರು."